ಆನೆಯ ಹೊಟ್ಟೆ, ಮಂತ್ರಿಯ ಮೀಸೆ

ಒಂದು ರಾಜ್ಯದಲ್ಲಿ ಒಬ್ಬ ರಾಜನಿದ್ದ. ಅವನ ಆಸ್ಥಾನದಲ್ಲಿ ಒಂದು ವಿಚಿತ್ರ ಕಟ್ಟಳೆ. ವ್ಯಾಜ್ಯಕ್ಕೆ ಬಂದ ಇಬ್ಬರಲ್ಲಿ ಯಾರು ಮೊದಲು ಸುಮ್ಮನಾದರೋ ಅವರು ಸೋತರು. ಸತ್ಯ ಯಾರ ಕಡೆ ಅಂತ ಕೇಳುವವರೇ ಇಲ್ಲ. ಅಂಥ ಕಡೆ ಮಂತ್ರಿ ಜಂಬಯ್ಯನಂಥವನು ಕೊಬ್ಬದೆ ಇರುತ್ತಾನೆಯೇ, ಮಕ್ಕಳೇ?

ಅರಮನೆ ಪಕ್ಕದಲ್ಲಿ ಗಂಡ ತೀರಿಕೊಂಡ ಕುಂಬಾರರ ದ್ಯಾವಮ್ಮ ಇದ್ದಳು. ಮಡಕೆ ಸುಡುವ ಅವಳ ಆವಿಗೆಯ ಜಾಗದ ಮೇಲೆ ಜಂಬಯ್ಯನಿಗೆ ಕಣ್ಣು. ಅಲ್ಲಿ ಹೂದೋಟ ಮಾಡಬೇಕಂತೆ! ಒಂದು ದಿನ ದ್ಯಾವಮ್ಮ ಆವಿಗೆಗೆ ಬೆಂಕಿ ಕೊಟ್ಟಳು. ಅದೇ ದಿನ ಪಟ್ಟದಾನೆ ಹೊಟ್ಟೆ ಉಬ್ಬಿ ಮಲಗಿತು.

"ಮಹಾಪ್ರಭು, ಆವಿಗೆ ಹೊಗೆಯಾಡಿತು, ಆನೆ ಮಲಗಿತು. ಹೊಗೆಯಿಂದಲೇ ಆಗಿದ್ದು. ಆವಿಗೆ ಕೆಡವಿಸಿ!" ಅಂದ ಜಂಬಯ್ಯ.

ಮೂರು ತಿಂಗಳ ದುಡಿಮೆಯೆಲ್ಲ ಆವಿಗೆಯೊಳಗಿತ್ತು. ದ್ಯಾವಮ್ಮ ಓಡಿ ಬಂದಳು.

"ಬುದ್ಧೀ, ಆನೆ ನಿನ್ನೆ ಒಂದು ಗಾಡಿ ಹಲಸಿನಕಾಯಿ ತಿಂದೈತೆ. ಮಾವುತನ್ನೇ ಕೇಳಿ."

"ಗಂಡನನ್ನೇ ಉಳಿಸಿಕೊಳ್ಳಲಾಗದವಳಿಗೆ ಆನೆಯ ಹೊಟ್ಟೆ ಗೊತ್ತೇನು?" ಅಂದ ಜಂಬಯ್ಯ. ಸಭೆ ನಕ್ಕಿತು.

"ಮೂವತ್ತು ವರ್ಷದಿಂದ ಆವಿಗೆ ಸುಡ್ತಿದೀನಿ. ಹೊಗೆಗೆ ಒಂದು ಇಲಿನೂ ಮಲಗಿಲ್ಲ."

"ಊರಿಗೆ ಊರೇ ಹೊಗೆಯಿಂದ ಅಂತಿದೆ!" ಊರು ಅಂದರೆ ಅವನ ಭಾವಮೈದ, ಅವನ ಅಡುಗೆಯವನು.

"ಮೊದಲು ಆನೆಗೆ ಮದ್ದು ಕೊಡ್ಸಿ ಬುದ್ಧೀ."

"ಆವಿಗೆ ಬೇಕೋ, ಆನೆ ಬೇಕೋ? ಆವಿಗೆ ಅಂದರೆ ನೀನು ರಾಜದ್ರೋಹಿ!"

ರಾಜದ್ರೋಹಿ ಅಂದಮೇಲೆ ಯಾರ ಬಾಯಿ ಏಳುತ್ತದೆ? ದ್ಯಾವಮ್ಮ ಸುಮ್ಮನಾದಳು, ಸೋತಳು. ಬೆಳಗಾದರೆ ಆವಿಗೆ ಕೆಡವುವುದೆಂದು ತೀರ್ಪಾಯಿತು.

ಬೆಳಗಾಯಿತು. ಗೆದ್ದ ಖುಷಿಗೆ ಜಂಬಯ್ಯ ಮೀಸೆಗೆ ಎಣ್ಣೆ ಹಚ್ಚಿ, ತಿರುವಿ, ಸಭೆಗೆ ಬಂದ. ರಾಜನಿಗೋ ಅವತ್ತೇ ಹಲ್ಲುನೋವು. ಕೆನ್ನೆ ಹಿಡಿದು ಕೂತಿದ್ದ. ಇದನ್ನು ನೋಡಿದ ದ್ಯಾವಮ್ಮ ಹೊಸ ವ್ಯಾಜ್ಯ ಹೂಡಿದಳು.

"ಬುದ್ಧೀ, ಮಂತ್ರಿಗಳು ಮೀಸೆ ತಿರುವಿದ್ರು, ನಿಮ್ಮ ಹಲ್ಲು ನೋಯ್ತು. ಮೀಸೆಯಿಂದ್ಲೇ ಆಗಿದ್ದು. ಬೋಳಿಸಿ!"

"ಹುಚ್ಚು ಹಿಡಿಯಿತೇ ನಿನಗೆ?" ಅಂದ ಜಂಬಯ್ಯ.

"ತಲೆ ಬೊಕ್ಕ ಆದೋರಿಗೆ ಕೂದಲಿನ ಗುಣ ಗೊತ್ತೇನು?" ಸಭೆ ಇನ್ನೂ ಜೋರಾಗಿ ನಕ್ಕಿತು.

"ಇದು ನನ್ನ ತಾತನ ಕಾಲದ ಮೀಸೆ!"

"ಕುಂಬಾರಕೇರಿಗೆ ಕೇರಿಯೇ ಮೀಸೆಯಿಂದ ಅಂತೈತೆ."

"ಮಹಾಪ್ರಭು, ವೈದ್ಯರನ್ನು ಕರೆಸಿ..."

"ಮೀಸೆ ಬೇಕೋ, ಮಹಾಪ್ರಭುಗಳ ಹಲ್ಲು ಬೇಕೋ? ಮೀಸೆ ಅಂದ್ರೆ ರಾಜದ್ರೋಹ!"

ನೋವಿನಲ್ಲಿದ್ದ ರಾಜ ಕ್ಷೌರಿಕನನ್ನು ಕರೆಸಿಯೇ ಬಿಟ್ಟ. ಕತ್ತಿ ಮಸೆಯುವ ಸದ್ದು ಕೇಳಿ ಜಂಬಯ್ಯ ಕಿರುಚಿದ:

"ಒಂದರ ಹಿಂದೆ ಇನ್ನೊಂದು ಆದ ಮಾತ್ರಕ್ಕೆ ಅದರಿಂದಲೇ ಇದು ಆಯಿತು ಅಂತಾರೆಯೇ? ಮೂರ್ಖರು ಹಾಗನ್ನೋದು!"

"ನಿನ್ನೆ ಹಾಗಂದೋರು ಯಾರು ಸ್ವಾಮಿ?" ದ್ಯಾವಮ್ಮ ಮೆಲ್ಲಗೆ ಕೇಳಿದಳು.

ಜಂಬಯ್ಯ ಬಾಯಿ ತೆರೆದ. ಮಾತು ಹೊರಡಲಿಲ್ಲ. ಕಟ್ಟಳೆ ಅಂದರೆ ಕಟ್ಟಳೆ. ಸುಮ್ಮನಾದವನು ಸೋತ.

ಅವನ ಮಾತಿನಿಂದಲೇ ನಿನ್ನೆಯ ತೀರ್ಪು ಬಿದ್ದುಹೋಗಿ ಆವಿಗೆ ಉಳಿಯಿತು. ಆನೆ ಮದ್ದು ಕುಡಿದು ಎದ್ದಿತು. ಸೋತ ತಪ್ಪಿಗೆ ಜಂಬಯ್ಯನ ಮೀಸೆಯೂ ಹೋಯಿತು. ರಾಜನ ಹಲ್ಲುನೋವು ಮಾತ್ರ ಹೋಗಲಿಲ್ಲ. ಪಾಪ, ಹಲ್ಲಿಗೆ ವಾದ ಗೊತ್ತಿಲ್ಲ.

ತಿಳಿಯಿತೇ, ಮಕ್ಕಳೇ? ಎದುರಿನವರ ಬಾಯಿ ಮುಚ್ಚಿಸಿದ ಮಾತ್ರಕ್ಕೆ ನಮ್ಮ ಮಾತು ನಿಜವಾಗುವುದಿಲ್ಲ.