ಇನ್ನೂರ ಹದಿನಾಲ್ಕನೆಯ ಸಾಲು

“ಅಜ್ಜಾರ, ನಿಮ್ಮ ಮಾತೆಲ್ಲಾ ನನಗ ಬಾಯಿಪಾಠ ಅದಾವ. ಬೇಕಾದ ಹೊತ್ತಿನ್ಯಾಗ ಒಂದೂ ಯಾಕ ಎದ್ದು ಬರಲಿಲ್ಲ?” ಎಂದು ಶಿಷ್ಯ ಗುರುಗಳನ್ನು ಕೇಳಿದ.

ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ತಾಯಿಯ ಕೊನೆಗಾಲದಲ್ಲಿ ಅಕ್ಕ ಬರಲಿಲ್ಲವೆಂದು ಅದಕ್ಕೂ ಮೊದಲೇ ಅವಳೊಂದಿಗೆ ಮಾತು ಬಿಟ್ಟಿದ್ದ. ಹಿಂದಿನ ದಿನ ಅದೇ ಅಕ್ಕ ಮಠದ ಬಾಗಿಲಿಗೆ ಬಂದಿದ್ದಳು. ಕ್ಷಮೆಯ ಬಗ್ಗೆ ಗುರುಗಳು ಹೇಳಿದ್ದೆಲ್ಲ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿಂದ ಬಂದದ್ದು “ಈಗ್ಯಾಕ ಬಂದಿ?” ಎಂಬ ಮಾತು. ಅವಳು ನೀರೂ ಕುಡಿಯದೆ ಹಿಂತಿರುಗಿದಳು.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನಕ್ಷೆಗಾರನಿದ್ದ. ಸೀರೆಯ ದಡಿಗೆ, ಸೆರಗಿಗೆ ಬೇಕಾದ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ ನೇಕಾರರಿಗೆ ಕೊಡುವುದು ಅವನ ಕಸುಬು. ಯಾವ ಸಾಲಿನಲ್ಲಿ ಯಾವ ಎಳೆಯನ್ನು ಎತ್ತಬೇಕು, ಯಾವುದನ್ನು ಬಿಡಬೇಕು ಎಂದು ಚುಕ್ಕೆಯಿಟ್ಟು ತೋರಿಸಬೇಕು. ಅವನ ಕೈ ಚುರುಕು, ಮಾತು ಅದಕ್ಕಿಂತ ಚುರುಕು.

ಮನೆಯಲ್ಲಿ ಅವನ ಸೋದರತ್ತೆ ಇದ್ದಳು. ಅವನನ್ನು ಸಾಕಿದವಳು, ಮಗ್ಗದ ಮುಂದೆ ಮೊದಲು ಕೂರಿಸಿದವಳು. ಈಗ ಕಣ್ಣು ಹೋಗಿತ್ತು. ಹೆತ್ತ ಮಕ್ಕಳ ಹೆಸರನ್ನೇ ಮರೆತಿದ್ದಳು. ಉಂಡು ಕೈ ತೊಳೆದ ಮೇಲೆ ಊಟ ಯಾವಾಗ ಎಂದು ಕೇಳುತ್ತಿದ್ದಳು. ಆದರೆ ಅವಳ ಅಜ್ಜಿ ನೇಯುತ್ತಿದ್ದ ಒಂದು ದಡಿ ಮಾತ್ರ ಅವಳಲ್ಲಿ ಎಳೆ ತಪ್ಪದೆ ಉಳಿದಿತ್ತು. ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಆ ದಡಿಯ ಸೀರೆ ಕೂಡ ಎಲ್ಲೂ ಉಳಿದಿರಲಿಲ್ಲ.

ಅವಳು ದಿನಾ ನಾಲ್ಕಾರು ಸಾಲು ಹೇಳುತ್ತಿದ್ದಳು, ಅವನು ಚುಕ್ಕೆಯಿಡುತ್ತಿದ್ದ. ನಡುವಿನಿಂದ ತಾನಾಗಿ ಶುರು ಮಾಡುವುದು ಅವಳಿಗೆ ಆಗುತ್ತಿರಲಿಲ್ಲ. ಹಿಂದಿನ ಸಾಲನ್ನು ಅವನು ಓದಬೇಕು, ಅಲ್ಲಿಂದ ಅವಳು ಹಿಡಿದುಕೊಳ್ಳಬೇಕು. ಎರಡು ಎತ್ತು, ಮೂರು ಬಿಡು, ಒಂದು ಎತ್ತು. ಹೀಗೆ ಮುನ್ನೂರು ಸಾಲಾದರೆ ದಡಿ ಪೂರ್ತಿ. ಆ ಸೀರೆಯನ್ನು ಒಮ್ಮೆ ಕೈಯಲ್ಲಿ ಮುಟ್ಟಬೇಕು ಎಂಬುದೊಂದೇ ಅವಳ ಆಸೆ.

ನಕ್ಷೆಗಾರನಿಗೆ ಕಂಪ್ಯೂಟರ್ ರಿಪೇರಿ ಬಲ್ಲ ಒಬ್ಬ ಗೆಳೆಯನಿದ್ದ. ಅವನು ಊರು ಬಿಟ್ಟು ಹೋಗುವಾಗ ಮನೆಗೆ ಬಂದು ಹೇಳಿದ: “ನಿನ್ನ ಮಿಷಿನ್ ಹಳೇದಾಗೇತಿ, ಒಂದಿನ ಏಳಂಗಿಲ್ಲ. ಅವತ್ತು ಹೊರಗಿಂದ ಎಬ್ಬಸಾಕ ಒಂದು ಪೆನ್ ಡ್ರೈವ್ ಮಾಡಿ ಇಟ್ಕೊ. ಬೇಕಾದ ಫೈಲ್ ಕೊಟ್ಟೀನಿ. ಆದ್ರ ಸುಮ್ನ ಕಾಪಿ ಮಾಡಿದ್ರ ನಡಿಯಂಗಿಲ್ಲ, ಈ ಪ್ರೋಗ್ರಾಂ ಹಚ್ಚಿ ಬರೀಬೇಕು. ಪೆನ್ ಡ್ರೈವಿನ್ಯಾಗ ಇರೂದೆಲ್ಲಾ ಅಳಿಸ್ಲೇನು ಅಂತ ಕೇಳತೈತಿ. ಹೂಂ ಅನ್ನು.”

ನಕ್ಷೆಗಾರನ ಬಳಿ ಇದ್ದದ್ದು ಒಂದೇ ಪೆನ್ ಡ್ರೈವ್. ಅದರಲ್ಲಿ ಅವನು ಆಸೆಪಟ್ಟು ಕೂಡಿಟ್ಟ ಆರುನೂರು ನಾಟಕದ ಹಾಡುಗಳಿದ್ದವು. ಅವನ್ನು ಇಳಿಸಿಡಲು ಹಳೆಯ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಗೆಳೆಯ ಹೋದ ಮೇಲೆ ಅದನ್ನು ಹಾಕಿ ಕೂತ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಕಂಪ್ಯೂಟರ್ ಕೇಳಿತು. ಅವನು ಹಾಡುಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಬೇಡ ಎಂಬ ಗುಂಡಿ ಒತ್ತಿದ.

ಮನುಷ್ಯ ಬುದ್ಧಿವಂತ ನೋಡು, ಬುದ್ಧಿವಂತನಿಗೆ ಎರಡೂ ಬೇಕು. ಫೈಲನ್ನು ಹಾಡುಗಳ ಪಕ್ಕದಲ್ಲಿ ಕಾಪಿ ಮಾಡಿಟ್ಟ. ತೆರೆದು ನೋಡಿದರೆ ಫೈಲ್ ಇತ್ತು, ಹೆಸರೂ ಸರಿ, ಗಾತ್ರವೂ ಸರಿ. ಮುಂದೆ ಇನ್ನೊಂದು ಪೆನ್ ಡ್ರೈವ್ ತಂದು ಗೆಳೆಯ ಹೇಳಿದಂತೆ ಬರೆದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು. ಅವನು ತರಲಿಲ್ಲ.

ದಿನ ಕಳೆದಂತೆ ತಾನು ಯಾವ ಗುಂಡಿ ಒತ್ತಿದ್ದೆ ಎಂಬುದೇ ಅವನಿಗೆ ಮರೆತುಹೋಯಿತು. ತನ್ನ ಬಳಿ ಇದೆ ಎಂಬುದಷ್ಟೇ ನೆನಪಿನಲ್ಲಿ ಉಳಿಯಿತು. ಆಯುಧಪೂಜೆಯ ದಿನ ಮಗ್ಗದ ಲಾಳಿಯ ಪಕ್ಕದಲ್ಲಿ ಪೆನ್ ಡ್ರೈವನ್ನೂ ಇಟ್ಟು ಕುಂಕುಮ ಹಚ್ಚಿದ. ಕಾಪಿ ಮಾಡಿದರೆ ಸಾಲದು, ಬರೆಯಬೇಕು ಎಂದು ಓಣಿಯ ಬೇರೆ ನಕ್ಷೆಗಾರರಿಗೆ ಪಾಠವನ್ನೂ ಹೇಳಿದ. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ತನ್ನದು ಎಬ್ಬಿಸುತ್ತದೆಯೇ ಎಂದು ಒಮ್ಮೆಯೂ ಹಾಕಿ ನೋಡಲಿಲ್ಲ.

ಒಂದು ಮಧ್ಯಾಹ್ನ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಆಗುತ್ತಿದ್ದಾಗ ಕರೆಂಟ್ ಹೋಯಿತು. ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಏಳಲಿಲ್ಲ, ಬರೀ ಕಪ್ಪು ಪರದೆ. ಅವನು ಹೆದರಲಿಲ್ಲ. ಪೆನ್ ಡ್ರೈವ್ ಚುಚ್ಚಿದ. ಎಬ್ಬಿಸುವಂಥದ್ದು ಇದರಲ್ಲಿ ಏನೂ ಇಲ್ಲ ಎಂದು ಪರದೆ ಹೇಳಿತು.

ಅವನಿಗೆ ಸಿಟ್ಟು ಬಂತು. ಇಲ್ಲ ಎಂದರೆ ಹೇಗೆ? ಕಣ್ಣಾರೆ ಕಂಡಿದ್ದೇನಲ್ಲ! ತೆಗೆದು ಊದಿ ಮತ್ತೆ ಹಾಕಿದ. ಮುಂದಿನ ತೂತಿಗೆ ಹಾಕಿದ, ಹಿಂದಿನ ತೂತಿಗೆ ಹಾಕಿದ. ತಪ್ಪೆಲ್ಲ ಕಂಪ್ಯೂಟರಿನದೇ ಎಂದು ಅದನ್ನು ಬಿಚ್ಚಿ ಧೂಳು ಒರೆಸಿದ. ಹೀಗೇ ಎರಡು ದಿನ ಹೋದವು.

ಆ ವಾರ ಅತ್ತೆ ಜ್ವರದಿಂದ ಹಾಸಿಗೆ ಹಿಡಿದಿದ್ದಳು. ತನ್ನ ದಿನ ಮುಗಿಯುತ್ತಿದೆ ಎಂದು ಅವಳಿಗೆ ಗೊತ್ತಾಗಿತ್ತು.

“ಎಲ್ಲೀತನಕ ಬಂದಿದ್ವೊ ತಮ್ಮಾ? ಹಿಂದಿನ ಸಾಲ ಓದು, ನಾ ಹೇಳ್ತೀನಿ,” ಎಂದು ಕರೆದಳು.

“ಇನ್ನೊಂದೀಟು ತಡಿ ಅತ್ತಿ,” ಎಂದ ಅವನು.

ಮರುದಿನವೂ ಅದನ್ನೇ ಕೇಳಿದಳು, ಅವನು ಅದನ್ನೇ ಹೇಳಿದ. ಕೊನೆಗೆ ಅವಳು ತಾನೇ ಮೊದಲ ಸಾಲಿನಿಂದ ಶುರು ಮಾಡಿದಳು. ಇಪ್ಪತ್ತು ಸಾಲಿಗೆ ಉಸಿರು ಸೋತಿತು.

ಮೂರನೆಯ ದಿನ ಅವನು ಗೆಳೆಯನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡ. ಗೆಳೆಯ ಒಂದೇ ಮಾತು ಕೇಳಿದ: “ಪ್ರೋಗ್ರಾಂ ಹಚ್ಚಿ ಬರದಿದ್ಯೋ, ಸುಮ್ನ ಕಾಪಿ ಮಾಡಿದ್ಯೋ?”

ಆಗ ಅವನಿಗೆ ಆ ಗುಂಡಿ ನೆನಪಾಯಿತು. ಕೆಟ್ಟ ಕಂಪ್ಯೂಟರಿನಲ್ಲಿ ಅದರ ಮದ್ದನ್ನು ತಯಾರಿಸಲಾಗದು, ನೆಟ್ಟಗಿರುವ ಇನ್ನೊಂದು ಬೇಕು. ಝೆರಾಕ್ಸ್ ಅಂಗಡಿಗೆ ಓಡಿ, ಫೈಲನ್ನು ಅಲ್ಲಿನ ಕಂಪ್ಯೂಟರಿಗೆ ಇಳಿಸಿ, ಗೆಳೆಯ ಹೇಳಿದ ಪ್ರೋಗ್ರಾಂ ಹಚ್ಚಿದ. ಎಲ್ಲ ಅಳಿಸಲೇ ಎಂದು ಅಲ್ಲಿನ ಕಂಪ್ಯೂಟರ್ ಕೇಳಿದಾಗ ಪೂರ್ತಿ ಓದುವ ಮೊದಲೇ ಹೂಂ ಎಂದು ಒತ್ತಿದ. ಆರುನೂರು ಹಾಡುಗಳು ಹೋದವು. ಅವನಿಗೆ ಒಂದೂ ನೆನಪಾಗಲಿಲ್ಲ.

ಮನೆಗೆ ಬಂದು ಹಾಕಿದ. ಕಂಪ್ಯೂಟರ್ ಎದ್ದಿತು. ಒಳಗೆ ಎಲ್ಲವೂ ಇಟ್ಟಲ್ಲೇ ಇತ್ತು, ಒಂದು ಚುಕ್ಕೆಯೂ ಕದಲಿರಲಿಲ್ಲ. ನಕ್ಷೆ ಇನ್ನೂರ ಹದಿನಾಲ್ಕನೆಯ ಸಾಲಿಗೆ ನಿಂತಿತ್ತು. ಎಲ್ಲ ಸೇರಿ ಒಂದು ತಾಸಿನ ಕೆಲಸ. ಅದನ್ನು ನೆನೆದು ಅವನು ಮುಂದೆ ಎಷ್ಟು ಅತ್ತನೋ ಲೆಕ್ಕವಿಲ್ಲ.

ಆ ಸಾಲನ್ನು ಬರೆದುಕೊಂಡು ಅತ್ತೆಯ ಬಳಿ ಓಡಿದ. ಅಂದು ಬೆಳಿಗ್ಗೆಯೇ ಅವಳ ಮಾತು ನಿಂತಿತ್ತು. ಅವನು ಕಿವಿಯ ಹತ್ತಿರ ಕೂತು ಗಟ್ಟಿಯಾಗಿ ಓದಿದ. ಅವಳಿಗೆ ಕೇಳಿಸಿತು. ಹೊದ್ದ ಕೌದಿಯ ಮೇಲಿದ್ದ ಅವಳ ಬೆರಳುಗಳು ಅಲುಗತೊಡಗಿದವು. ಅವಳು ಮುಂದಿನ ಸಾಲು ಹೇಳುತ್ತಿದ್ದಳು. ಯಾವುದು ಎತ್ತಿದ್ದು, ಯಾವುದು ಬಿಟ್ಟಿದ್ದು ಎಂದು ಅವನಿಗೆ ತಿಳಿಯಲಿಲ್ಲ. ಬೆರಳು ನಿಲ್ಲುವವರೆಗೂ ನೋಡುತ್ತ ಕೂತ.

ಮರುದಿನ ಅವಳು ತೀರಿಕೊಂಡಳು. ಆ ದಡಿಯ ಸೀರೆಯನ್ನು ಅವನು ನೇಯಿಸಿದ. ಇನ್ನೂರ ಹದಿನಾಲ್ಕು ಸಾಲು ನಕ್ಷೆ, ಅಲ್ಲಿಂದ ಮುಂದೆ ಬರೀ ಬಣ್ಣ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಆ ಮುದುಕಿಯ ಬೆರಳುಗಳೇ ಕಣ್ಣ ಮುಂದಿದ್ದವು.

“ಪಾಪ, ಹಾಡಿನ ಆಸೆಗೆ ಎಂಥಾದ್ದು ಕಳಕೊಂಡ್ನಲ್ರಿ ಅಜ್ಜಾರ,” ಎಂದ.

ಗುರುಗಳು ಅವನ ಮುಖ ನೋಡಿ ಕೇಳಿದರು: “ಅಕ್ಕನ ಮ್ಯಾಲಿನ ಸಿಟ್ಟು ಅಳಿಸ್ಲೇನು ಅಂತ ನೀ ಕಲಿತ ಮಾತು ಒಂಬತ್ತು ವರ್ಷ ನಿನ್ನ ಕೇಳಿತಲ್ಲೋ ತಮ್ಮಾ, ನೀ ಯಾವ ಗುಂಡಿ ಒತ್ತಿದಿ?”