ಬೆನ್ನು ಹಾಕಿ ಕೂರುವ ದೋಣಿ

"ಅಜ್ಜಾರೇ, ಒಳ್ಳೆಯದು ಅಂತ ಗೊತ್ತಿದ್ದೂ ಜನ ಹೊಸದನ್ನು ಯಾಕೆ ಮುಟ್ಟುವುದಿಲ್ಲ?" ಎಂದು ಗೂಳಪ್ಪ ಅಡವಯ್ಯಸ್ವಾಮಿಗಳನ್ನು ಕೇಳಿದ.

ಗೂಳಪ್ಪ ಒಂದು ಲಾರಿ ಸಾಗಣೆ ಕಂಪನಿಯ ಗೋದಾಮಿಗೆ ಮೇಲ್ವಿಚಾರಕ. ಸ್ವಾಮಿಗಳ ಮಠಕ್ಕೆ ಚಿಕ್ಕಂದಿನಿಂದ ನಡೆದುಕೊಂಡವನು. ಅವನ ಗೋದಾಮಿಗೆ ಹೊಸ ಸಾಫ್ಟ್‌ವೇರ್ ಬಂದಿತ್ತು. ಇನ್ನು ಮುಂದೆ ಸರಕಿನ ಲೆಕ್ಕದಿಂದ ರಜೆಯವರೆಗೆ ಸಕಲ ವ್ಯವಹಾರವೂ ಅದರೊಳಗೇ ಆಗಬೇಕು, ಚೀಟಿ ಕೂಡದು, ಬಾಯಿಮಾತು ಕೂಡದು ಎಂದು ಕಂಪನಿಯ ಕಟ್ಟಪ್ಪಣೆ. ಗೂಳಪ್ಪ ಆಳುಗಳನ್ನೂ ಗುಮಾಸ್ತರನ್ನೂ ಕೂರಿಸಿ ಹೇಳಿದ. ಚಹಾ ಕುಡಿಸಿ ಹೇಳಿದ. ಕೊನೆಗೆ ಗದರಿಸಿಯೂ ಹೇಳಿದ. ಅವರು ಎಲ್ಲಕ್ಕೂ ತಲೆಯಾಡಿಸಿದರು. ಅವನು ಅತ್ತ ಹೋದೊಡನೆ ಕಿವಿಯ ಸಂದಿಯಿಂದ ಪೆನ್ನು ತೆಗೆದು ಚೀಟಿ ಬರೆದರು.

"ಮೈಗಳ್ಳರು ಅನ್ನೋಣ ಅಂದರೆ ಅಲ್ಲ. ಮೂಟೆ ಹೊರುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಇದೊಂದಕ್ಕೆ ಮಾತ್ರ ಕೈ ಹಿಂದೆ ಕಟ್ಟುತ್ತಾರೆ," ಎಂದ ಗೂಳಪ್ಪ.

ಸ್ವಾಮಿಗಳು ಅವನನ್ನು ಕೂರಲು ಹೇಳಿ ಕತೆಗೆ ತೊಡಗಿದರು.

ಒಂದು ಹೊಳೆ. ಆ ಹೊಳೆಗೊಂದು ಕಡವು. ಈ ದಡದವರನ್ನು ಆ ದಡಕ್ಕೆ ಮುಟ್ಟಿಸುವ ಹಕ್ಕು ಒಬ್ಬ ಯಜಮಾನನದು. ಅವನನ್ನು ನಂಬಿ ಒಂದು ಕೇರಿಯ ತುಂಬ ಅಂಬಿಗರು ಬದುಕಿದ್ದರು. ಅವರದು ಬಿದಿರು ಹೆಣೆದು ತೊಗಲು ಹೊದಿಸಿದ ದುಂಡನೆಯ ಹರಿಗೋಲು. ಅಂಬಿಗ ಮುಂದುಗಡೆ ಮಂಡಿಯೂರಿ, ಆಚೆ ದಡಕ್ಕೆ ಮುಖ ಮಾಡಿ, ಹುಟ್ಟಿನಿಂದ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಸುಳಿ ಎಲ್ಲಿದೆ, ಬಂಡೆ ಎಲ್ಲಿದೆ ಎಂದು ಅವನ ಕಣ್ಣು ಮುಂದೆ ಮುಂದೆ ಓಡುತ್ತದೆ. ಹೋಗುವ ದಡಕ್ಕೆ ಬೆನ್ನು ಹಾಕುವುದು ಆ ಕೇರಿಯಲ್ಲಿ ದೊಡ್ಡ ಅವಮಾನ. ಹಾಗೆ ಕೂತವನಿಗೆ ಹೆಣ್ಣು ಕೊಡಲೂ ಜನ ಹಿಂದೆಮುಂದೆ ನೋಡುತ್ತಿದ್ದರು.

ಹೊಳೆಯ ಕೆಳಗಿನ ಊರಿನವರು ಉದ್ದನೆಯ ದೋಣಿ ತಂದರು. ಒಂದೇ ಸಲಕ್ಕೆ ಸಂತೆಯ ಅರ್ಧ ಜನವನ್ನು ದಾಟಿಸುವ ದೋಣಿ. ಜನ ಅತ್ತ ಸರಿದರು. ಆಚೆ ದಡದ ಹಿರಿಯರು ಯಜಮಾನನಿಗೆ ಹೇಳಿ ಕಳಿಸಿದರು: ಎರಡು ಕಡವು ನಮಗೆ ಬೇಡ, ಬರುವ ಹುಣ್ಣಿಮೆಗೆ ಕೂಡಿ ಒಂದನ್ನು ಮುಚ್ಚುತ್ತೇವೆ, ನೀನೂ ಬಾ.

ಕಡವು ಮುಚ್ಚಿದರೆ ಅಂಬಿಗರ ಕೇರಿಯಲ್ಲಿ ಒಲೆ ಉರಿಯುವುದಿಲ್ಲ. ಯಜಮಾನನಿಗೆ ಅದು ಗೊತ್ತಿತ್ತು. ಅವನು ಕೈ ಕಟ್ಟಿ ಕೂರುವವನಲ್ಲ. ಒಳ್ಳೆಯ ಬಡಗಿಯನ್ನು ಕರೆಸಿ, ಕೆಳಗಿನವರದಕ್ಕಿಂತ ಚೆಂದದ ದೋಣಿ ಮಾಡಿಸಿದ. ಇದರಲ್ಲಿ ಆಚೆ ದಡಕ್ಕೆ ಬೆನ್ನು ಹಾಕಿ ಕೂರಬೇಕು, ಎರಡೂ ಹುಟ್ಟುಗಳನ್ನು ಎದೆಗೆ ಎಳೆಯಬೇಕು, ಆಗ ಸೊಂಟದ ಬಲವೆಲ್ಲ ನೀರಿಗೆ ಇಳಿಯುತ್ತದೆ ಎಂದು ಬಡಗಿ ತಿಳಿಸಿಕೊಟ್ಟ. ಯಜಮಾನ ದಡದ ಮೇಲೆ ನಿಂತು ಅದನ್ನೇ ಅಂಬಿಗರಿಗೆ ಒಪ್ಪಿಸಿದ.

ಒಬ್ಬ ಅಂಬಿಗ ಕೂತು ನೋಡಿದ. ಹರಿಗೋಲಿನಲ್ಲಿದ್ದವರು ಸುಮ್ಮನಿರಲಿಲ್ಲ. ಆಚೆ ದಡದಲ್ಲಿ ಅತ್ತೆ ಮನೆ ಇದೆ ಅಂತ ಮುಖ ತಿರುಗಿಸಿದೆಯೇನೋ ಎಂದು ಒಬ್ಬ ಕೇಳಿದ. ಹೊಳೆ ಮೇಲೆ ಮುನಿಸಿಕೊಂಡರೆ ಮೀನು ಬಂದು ರಮಿಸುತ್ತದೆಯೇ ಎಂದು ಇನ್ನೊಬ್ಬ ಕೇಳಿದ. ಅವನು ನಾಚಿ ಆಚೆ ದಡದ ಕಡೆ ತಿರುಗಿ ಕೂತ. ಹರಿಗೋಲಿನಲ್ಲಿ ಕೂತ ಹಾಗೆಯೇ ಕೂತು, ಹುಟ್ಟುಗಳನ್ನು ಎಳೆಯುವ ಬದಲು ಮುಂದಕ್ಕೆ ನೂಕಿದ. ತೋಳು ಸೋತಿತು, ದೋಣಿ ಕದಲಲಿಲ್ಲ. ನೀರು ಅದನ್ನು ಅಡ್ಡಕ್ಕೆ ತಿರುಗಿಸಿ ದಡಕ್ಕೆ ತಂದು ಬಿಟ್ಟಿತು. ದೋಣಿಯೇ ಸರಿಯಿಲ್ಲ ಎಂದು ಕೇರಿಯಲ್ಲಿ ತೀರ್ಮಾನವಾಯಿತು. ಆಮೇಲೆ ಕೂತವರೆಲ್ಲ ಆಚೆ ದಡಕ್ಕೇ ಮುಖ ಮಾಡಿ ಕೂತರು, ನೂಕಿ ನೂಕಿ ದಣಿದು ಎದ್ದು ಬಂದರು.

ಯಜಮಾನ ಹೊಗಳಿದ. ಕಲಿತವನಿಗೆ ರುಮಾಲು ಸುತ್ತಿಸುತ್ತೇನೆ ಎಂದ. ಕಲಿಯದವನು ಕಡವಿನ ಕಡೆ ಬರಕೂಡದು ಎಂದ. ಅವನು ನಿಂತು ನೋಡುವಷ್ಟು ಹೊತ್ತು ದೋಣಿ ನೀರಿನಲ್ಲಿರುತ್ತಿತ್ತು. ಅವನು ಊಟಕ್ಕೆಂದು ಮನೆಯ ದಾರಿ ಹಿಡಿದರೆ ದೋಣಿ ಗೂಟಕ್ಕೆ, ಅಂಬಿಗರು ಹರಿಗೋಲಿಗೆ. ಇವರಿಗೆ ಬದುಕುವ ಮನಸ್ಸೇ ಇಲ್ಲ ಎಂದು ಅವನು ಹೆಂಡತಿಯ ಮುಂದೆ ಹಲ್ಲು ಕಡಿದ.

ಹುಣ್ಣಿಮೆಯ ದಿನ ಬಂತು. ಬೆಳಿಗ್ಗೆ ಯಜಮಾನ ಮಡಿ ಪಂಚೆಯುಟ್ಟು ಕಡವಿಗೆ ಇಳಿದ. ಹಿರಿಯರ ಮುಂದೆ ಏನು ಹೇಳಬೇಕು, ನನ್ನ ದೋಣಿಯನ್ನು ಹೇಗೆ ಬಣ್ಣಿಸಬೇಕು ಎಂಬುದೇ ಅವನ ತಲೆಯ ತುಂಬ. ಅದೇ ಯೋಚನೆಯಲ್ಲಿ ನೀರಿಗೆ ಬಂದ, ಹರಿಗೋಲಿಗೆ ಕಾಲಿಟ್ಟ, ತನ್ನ ಮಾಮೂಲು ಜಾಗದಲ್ಲಿ ಕೂತ. ಹರಿಗೋಲು ಹೊರಡಲಿಲ್ಲ. ಹಿರಿಯ ಅಂಬಿಗ ಹುಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದ.

"ಹೊತ್ತಾಯಿತು, ನಡಿ," ಎಂದ ಯಜಮಾನ.

"ದೋಣಿ ಅಲ್ಲಿದೆಯಲ್ಲ, ಯಜಮಾನರೇ," ಎಂದ ಅಂಬಿಗ.

ಅವನ ದನಿಯಲ್ಲಿ ಕೊಂಕಿರಲಿಲ್ಲ. ಗೂಟ ಎಲ್ಲಿದೆ ಎಂದು ಕೇಳಿದವರಿಗೆ ತೋರಿಸುವ ಹಾಗೆ ಹೇಳಿದ್ದ. ಆದರೂ ಯಜಮಾನನ ಕಿವಿ ಬಿಸಿಯಾಯಿತು. ದೋಣಿ ಬಂದ ಮೇಲೂ ತಾನು ಹೊಳೆ ದಾಟಿದ್ದೆಲ್ಲ ಹರಿಗೋಲಿನಲ್ಲೇ ಎಂಬುದು ಅವನಿಗೆ ಆಗ ಹೊಳೆಯಿತು. ಅದನ್ನು ಇಡೀ ಕೇರಿ ನೋಡಿತ್ತು. ಆಡಿರಲಿಲ್ಲ, ಅಷ್ಟೆ.

ಯಜಮಾನ ಎದ್ದ. ದೋಣಿಗೆ ಹೋದ. ಪಂಚೆ ಎತ್ತಿ ಕಟ್ಟಿದ. ಹಿಂದುಗಡೆ ದಾಟುವವರು ಕೂರುವ ಹಲಗೆಯನ್ನು ಬಿಟ್ಟು ನಡುವಿನ ಹಲಗೆಯ ಮೇಲೆ, ಆಚೆ ದಡಕ್ಕೆ ಬೆನ್ನು ಹಾಕಿ ಕೂತ. ಹುಟ್ಟುಗಳನ್ನು ಎದೆಗೆ ಎಳೆದ.

ದೋಣಿ ಹೊರಟಿತು. ಹೊರಟೊಡನೆ ಅವನಿಗೆ ಬೆನ್ನಲ್ಲಿ ಚಳಿ ಹುಟ್ಟಿತು. ಬಿಟ್ಟ ದಡ ಕಾಣುತ್ತಿದೆ, ಹೋಗುವ ದಡ ಕಾಣುತ್ತಿಲ್ಲ. ಹಿಂದೆ ಸುಳಿಯೋ, ಬಂಡೆಯೋ, ಯಾರಿಗೆ ಗೊತ್ತು? ಇಷ್ಟು ದಿನ ಇದನ್ನೇ ನಾನು ಬಾಯಲ್ಲಿ ಸಲೀಸಾಗಿ ಹೇಳಿದ್ದೆ ಎಂದುಕೊಂಡ. ಒಂದು ಹುಟ್ಟು ಆಳಕ್ಕೆ ಹೋಯಿತು, ಇನ್ನೊಂದು ಗಾಳಿಯನ್ನು ಗುಡಿಸಿತು. ದೋಣಿ ಹಾವಿನ ಹಾಗೆ ಹರಿಯಿತು. ದಡದಲ್ಲಿ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಗಂಡಸರು ಬಾಯಿಗೆ ಏನನ್ನೂ ಹಿಡಿಯದೆ ನಕ್ಕರು. ಯಜಮಾನ ಎಳೆಯುವುದನ್ನು ಬಿಡಲಿಲ್ಲ. ನಗುವವರ ಕಡೆಗೇ ಅವನ ಮುಖವಿತ್ತು; ಸ್ವಲ್ಪ ಹೊತ್ತಿಗೆ ಅವನಿಗೂ ನಗು ಬಂತು.

ನಡುಹೊಳೆಗೆ ಬಂದಾಗ ಅವನು ಕೂಗಿ ಹೇಳಿದ: ನನಗೆ ಮುಂದಿನದು ಕಾಣುತ್ತಿಲ್ಲ, ಯಾರಾದರೂ ನೋಡಿ ಹೇಳಿ.

ಯಜಮಾನ ಹಾಗೆ ಕೇಳಿದ್ದನ್ನು ಕೇರಿ ಎಂದೂ ಕಂಡಿರಲಿಲ್ಲ. ದಡದ ನಗು ತಗ್ಗಿತು. ಹಿರಿಯ ಅಂಬಿಗ ಹರಿಗೋಲನ್ನು ರಭಸದಿಂದ ತಂದು ದೋಣಿಗೆ ತಾಗಿಸಿದ, ಒಳಕ್ಕೆ ನೆಗೆದ, ಯಜಮಾನನ ಎದುರಿಗೆ ಹಿಂದಿನ ಹಲಗೆಯಲ್ಲಿ ಕೂತ. ಅವನ ಮುಖ ಆಚೆ ದಡಕ್ಕೆ. ಎಡಗೈ ತುಸು ಜೋರು, ಈಗ ಎರಡೂ ಸಮ, ಬಂಡೆ ಬಂತು, ಬಲಕ್ಕೆ ಎಳೆಯಿರಿ ಎನ್ನುತ್ತ ಹೋದ. ಇವನು ಎಳೆದ, ಅವನು ನೋಡಿದ. ಅರ್ಧ ದಾರಿಯಾಚೆ ಅಂಬಿಗನ ತೋಳು ತಡೆಯಲಿಲ್ಲ. ನೀರನ್ನು ಹೀಗೆ ಹಿಂಸಿಸುವುದನ್ನು ನೋಡಲಾರೆ, ಸರಿಯಿರಿ ಎಂದು ಹುಟ್ಟುಗಳಿಗೆ ಕೈ ಚಾಚಿದ. ಜಾಗ ಬದಲಾಯಿತು. ಅಂಬಿಗ ಆಚೆ ದಡಕ್ಕೆ ಬೆನ್ನು ಹಾಕಿ ಕೂತು ಒಮ್ಮೆ ಎಳೆದ. ದೋಣಿ ಬಾಣದಂತೆ ಚಿಮ್ಮಿತು. ಅವನು ಸುಮ್ಮನೆ ಇನ್ನೊಮ್ಮೆ ಎಳೆದು ನೋಡಿದ.

ಆಚೆ ದಡದ ಹಿರಿಯರು ಎಲ್ಲವನ್ನೂ ಕಂಡಿದ್ದರು. ಕೆಳಗಿನ ಕಡವಿನವನು ದೋಣಿಯಲ್ಲಿ ಕೂತು ಬಂದ, ಇವನು ದೋಣಿ ನಡೆಸಿಕೊಂಡು ಬಂದ ಎಂದು ಒಬ್ಬರು ಅಂದರು. ಮಳೆಗಾಲದವರೆಗೆ ನೋಡೋಣ ಎಂದು ಮಾತು ನಿಂತಿತು. ಮಳೆಗಾಲಕ್ಕೆ ಕೇರಿಯ ಅಂಬಿಗರೆಲ್ಲ ಇಬ್ಬಿಬ್ಬರಾಗಿ ದೋಣಿಯಲ್ಲಿದ್ದರು, ಒಬ್ಬ ನೋಡಲು, ಒಬ್ಬ ಎಳೆಯಲು. ಕಡವು ಉಳಿಯಿತು.

ಸ್ವಾಮಿಗಳು ಕತೆ ಮುಗಿಸಿದರು. ಗೂಳಪ್ಪನ ಮುಖ ಅರಳಿತು. ಸಿಕ್ಕಿತು ಅಜ್ಜಾರೇ, ನಾಳೆಯೇ ಎಲ್ಲರನ್ನೂ ಸೇರಿಸಿ ಈ ಕತೆಯನ್ನು ಅವರಿಗೆ ಹೇಳುತ್ತೇನೆ ಎಂದು ಕಾಲಿಗೆರಗಿ ಎದ್ದ.

"ಇಲ್ಲಿಗೆ ಬರಲು ಇವತ್ತು ರಜೆ ಕೇಳಿದೆಯಲ್ಲ, ಆ ಸಾಫ್ಟ್‌ವೇರಿನಲ್ಲಿ ಕೇಳಿದೆಯೋ, ಫೋನು ಮಾಡಿ ಕೇಳಿದೆಯೋ?" ಎಂದರು ಸ್ವಾಮಿಗಳು.

"ಫೋನು ಮಾಡಿ," ಎಂದು ಗೂಳಪ್ಪ ಮತ್ತೆ ಕೂತ.