ಬೀಜ ನೆನೆಸಿದ ನೀರು

"ಗುರುಗಳೇ, ನೂರಾರು ಜನಕ್ಕೆ ಒಳ್ಳೆಯದಾಗುವ ಕೆಲಸದಲ್ಲಿ ಯಾರೋ ಒಬ್ಬರಿಗೆ ಕೇಡಾದರೆ, ಅದನ್ನು ದೊಡ್ಡದು ಮಾಡಬೇಕೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ತಳಿವಿಜ್ಞಾನಿ ಇದ್ದ. ಅವನ ಸೀಮೆಯ ಭತ್ತ ಬಲು ರುಚಿ. ಆದರೆ ಪೈರು ಎತ್ತರ. ತೆನೆ ತುಂಬುವ ಹೊತ್ತಿಗೆ ಗಾಳಿ ಬೀಸಿದರೆ ಮಲಗಿಬಿಡುತ್ತಿತ್ತು, ಕಾಳು ಕೆಸರಿನಲ್ಲೇ ಮೊಳೆಯುತ್ತಿತ್ತು. ರುಚಿ ಕೆಡದೆ ಪೈರು ಮಾತ್ರ ಗಿಡ್ಡವಾಗಬೇಕೆಂದು ಅವನು ಬೀಜವನ್ನು ಒಂದು ರಾಸಾಯನಿಕದಲ್ಲಿ ನೆನೆಸಿದ. ನೆನೆದ ಬೀಜವನ್ನು ಹರಿಯುವ ನೀರಿನಲ್ಲಿ ಗಂಟೆಗಟ್ಟಲೆ ತೊಳೆಯಬೇಕಿತ್ತು. ಆ ಕೆಲಸಕ್ಕೆ ಒಬ್ಬ ಕೂಲಿ ಹೆಂಗಸು ಬರುತ್ತಿದ್ದಳು. ಇದ್ದದ್ದು ಒಂದೇ ಜೊತೆ ಕೈಗವಸು. ಅದನ್ನು ಅವನು ಹಾಕಿಕೊಂಡಿದ್ದ. ಅವಳು ಬರಿಗೈಯಲ್ಲಿ ತೊಳೆದಳು.

ಮೊದಲ ವರ್ಷದ ಪೈರಿನಲ್ಲಿ ಹೆಚ್ಚೇನೂ ಕಾಣಲಿಲ್ಲ. ಆ ಪೈರಿನ ಬೀಜವನ್ನು ಬಿತ್ತಿದಾಗ ಎಲ್ಲವೂ ಹೊರಬಿತ್ತು. ಕೆಲವು ಸಸಿಗಳು ಹಾಲಿನಂತೆ ಬೆಳ್ಳಗೆ ಹುಟ್ಟಿ ಕೆಲವೇ ದಿನಗಳಲ್ಲಿ ಸತ್ತವು. ಕೆಲವು ತೆನೆಗಳಲ್ಲಿ ಬರೀ ಜೊಳ್ಳು. ಸತ್ತ ಸಸಿಗಳನ್ನು ಕೀಳುತ್ತ ಆ ಹೆಂಗಸು ಹೀಗೇಕಾಯಿತೆಂದು ಕೇಳಿದಳು. ಅವನು ಉತ್ಸಾಹದಿಂದಲೇ ವಿವರಿಸಿದ. ಪ್ರತಿ ಜೀವಕೋಶದಲ್ಲೂ ಒಂದು ಬರಹವಿದೆ, ನಾಲ್ಕೇ ಅಕ್ಷರಗಳದು. ರಾಸಾಯನಿಕ ಒಳಗೆ ಹೋಗಿ ಒಂದು ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಕೋಶ ಎರಡಾಗುವಾಗ ಆ ಬರಹ ನಕಲಾಗಬೇಕಲ್ಲ, ಆಗ ಅಂಟು ಹಿಡಿದ ಅಕ್ಷರವನ್ನು ಕೋಶ ಬೇರೆ ಅಕ್ಷರವೆಂದು ಓದುತ್ತದೆ. ಆಮೇಲೆ ಆ ತಪ್ಪೇ ಬರಹವಾಗಿ ಮಕ್ಕಳು ಮೊಮ್ಮಕ್ಕಳಿಗೆ ಇಳಿಯುತ್ತದೆ. ಯಾವ ಅಕ್ಷರ ಬದಲಾಗುವುದೆಂದು ಯಾರೂ ಹೇಳಲಾರರು. ಹತ್ತು ಸಾವಿರ ಗಿಡ ಕೆಟ್ಟು ಒಂದು ಒಳ್ಳೆಯದಾದರೆ ಅದೇ ಗೆಲುವು ಎಂದ.

ಅವಳು ಕೇಳಿಸಿಕೊಂಡಳು. ಮುಂದಿನ ಮೂರು ವರ್ಷವೂ ಬೀಜ ತೊಳೆದವಳು ಅವಳೇ. ಅಷ್ಟರಲ್ಲಿ ಎರಡು ಸಲ ಅವಳಿಗೆ ಬಸಿರು ನಿಲ್ಲಲಿಲ್ಲ. ಮೂರನೆಯ ಸಲ ಕೂಸು ದಿನ ತುಂಬಿ ಹುಟ್ಟಿತು, ನಾಲ್ಕು ದಿನ ಬದುಕಿತು. ಅದನ್ನು ಮಣ್ಣು ಮಾಡಿದ ಮೇಲೆ ಅವಳು ವಿಜ್ಞಾನಿಯ ಬಳಿಗೆ ಬಂದಳು.

"ಸಾರ್, ಆ ನೀರಿಗೆ ಇದು ಭತ್ತ, ಇದು ಮನುಷ್ಯರ ಮೈ ಅಂತ ಗೊತ್ತಾಗುತ್ತಾ?"

"ನೋಡಮ್ಮ, ಅದರಿಂದಲೇ ಆಯಿತು ಅನ್ನುವುದಕ್ಕೆ ಪುರಾವೆ ಇಲ್ಲ."

ಬೆಳ್ಳಗೆ ಸತ್ತ ಸಸಿಗಳ ವಿಷಯದಲ್ಲಿ ಅವನು ಪುರಾವೆ ಹುಡುಕಿರಲಿಲ್ಲ. ಮರುದಿನವೇ ಇನ್ನೊಂದು ಜೊತೆ ಕೈಗವಸು ತರಿಸಿದ. ಅವಳು ಮಾತ್ರ ಮತ್ತೆಂದೂ ಕೆಲಸಕ್ಕೆ ಬರಲಿಲ್ಲ.

ಆ ವರ್ಷದ ಕೊಯ್ಲಿನಲ್ಲಿ ಅವನಿಗೆ ಬೇಕಾದ ಗಿಡ ಸಿಕ್ಕಿತು. ಗಿಡ್ಡ ಪೈರು, ಗಾಳಿಗೆ ಮಲಗದು. ರುಚಿ ಹಾಗೆಯೇ ಉಳಿದಿತ್ತು. ಕೆಲವೇ ವರ್ಷಗಳಲ್ಲಿ ಸೀಮೆಯವರೆಲ್ಲ ಅದನ್ನೇ ಬಿತ್ತಿದರು, ಸಭೆ ಸೇರಿಸಿ ಅವನಿಗೆ ಶಾಲು ಹೊದಿಸಿದರು. ಹೊಗಳುವಷ್ಟು ಹೊತ್ತೂ ಅವನು ತಲೆ ಎತ್ತಲಿಲ್ಲ. ಎಂಥ ವಿನಯ ಎಂದು ಜನ ಮೆಚ್ಚಿಕೊಂಡರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, "ಆ ಭತ್ತವನ್ನು ಈಗಲೂ ಬೆಳೆಯುತ್ತಾರೆಯೇ, ಗುರುಗಳೇ?" ಎಂದ.

"ಮಧ್ಯಾಹ್ನ ರುಚಿಯಾಗಿದೆಯೆಂದು ಎರಡನೆಯ ಸಲ ಬಡಿಸಿಕೊಂಡೆಯಲ್ಲ, ಅದೇ ಅನ್ನ."